ಶಾಲೆಗೆ ಸೇರಿಸಲು ಲಸಿಕೆಯ ದಾಖಲೆಯನ್ನು ಕಡ್ಡಾಯ ಮಾಡಬಹುದೇ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನಾನು ನಮ್ಮೂರಿನ ಒಂದು ಸಣ್ಣ ಖಾಸಗಿ ಶಾಲೆಯ ಆಡಳಿತ ಮಂಡಳಿಯಲ್ಲಿದ್ದೇನೆ. ಮುಂದಿನ ವರ್ಷದಿಂದ ಎಲ್‌ಕೆಜಿ ಮತ್ತು ಒಂದನೇ ತರಗತಿಯ ಅರ್ಜಿಯೊಂದಿಗೆ ತಾಯಿ ಕಾರ್ಡನ್ನು (ಮಗುವಿನ ಲಸಿಕೆಗಳನ್ನು ಬರೆದಿಡುವ ಕಾರ್ಡು) ತರಲೇಬೇಕು, ಲಸಿಕೆ ಪೂರ್ತಿಯಾಗದ ಮಗುವಿಗೆ ಪ್ರವೇಶ ಕೊಡಬಾರದು ಎಂದು ಕಳೆದ ಸಭೆಯಲ್ಲಿ ಒಬ್ಬ ಸದಸ್ಯರು ಸೂಚಿಸಿದರು. ಬಹುತೇಕ ಎಲ್ಲರೂ ತಲೆಯಾಡಿಸಿದರು. ಪೋಷಕರ ಪ್ರತಿನಿಧಿಯಾಗಿ ಬಂದಿದ್ದ ಒಬ್ಬ ತಂದೆ ಮಾತ್ರ ಎದ್ದು ನಿಂತು, "ಕೊರೊನಾ ಕಾಲದಲ್ಲೇ ಲಸಿಕೆ ಕಡ್ಡಾಯವಲ್ಲವೆಂದು ಸರ್ಕಾರ ಕೋರ್ಟಿಗೆ ಬರೆದುಕೊಟ್ಟಿದೆ, ಸರ್ಕಾರಕ್ಕಿಲ್ಲದ ಅಧಿಕಾರ ನಿಮಗೆಲ್ಲಿಂದ ಬಂತು?" ಎಂದು ಕೇಳಿದರು. ಯಾರ ಬಳಿಯೂ ಉತ್ತರವಿರಲಿಲ್ಲ, ವಿಷಯವನ್ನು ಮುಂದಿನ ಸಭೆಗೆ ಹಾಕಿ ಎದ್ದೆವು.

ನನ್ನ ಪ್ರಶ್ನೆ ಎರಡು. ಇಂಥ ನಿಯಮ ಕಾನೂನಿನ ಮುಂದೆ ನಿಲ್ಲುತ್ತದೆಯೇ? ನಿಂತರೂ ಅದು ಸರಿಯೇ? ಲಸಿಕೆಯ ಪರವಾಗಿ ನನಗೆ ಯಾವ ಸಂಶಯವೂ ಇಲ್ಲ, ನನ್ನ ಇಬ್ಬರು ಮಕ್ಕಳಿಗೂ ಎಲ್ಲವನ್ನೂ ಹಾಕಿಸಿದ್ದೇನೆ. ಆದರೆ ಲಸಿಕೆ ಒಳ್ಳೆಯದು ಎನ್ನುವುದಕ್ಕೂ ಅದರ ಕಾಗದ ಇಲ್ಲದವರನ್ನು ಬಾಗಿಲ ಹೊರಗೆ ನಿಲ್ಲಿಸಬಹುದು ಎನ್ನುವುದಕ್ಕೂ ನಡುವೆ ಏನೋ ಅಂತರವಿದೆ ಎಂದು ಅನ್ನಿಸುತ್ತಿದೆ.

ಎರಡನೇ ಅಡ್ಡರಸ್ತೆ (ಬೆಂಗಳೂರು)

ಮಾಡಬಹುದು, ಮಾಡಲೇಬೇಕು. ಇದರಲ್ಲಿ ಚರ್ಚಿಸುವುದಕ್ಕೆ ಏನಿದೆ ಎಂಬುದೇ ನನಗೆ ಅರ್ಥವಾಗುತ್ತಿಲ್ಲ.

ಖಾನಾವಳಿ (ದಾವಣಗೆರೆ)

ಚರ್ಚಿಸುವುದಕ್ಕೆ ಬಹಳವಿದೆ ಸ್ವಾಮಿ. 2021ರ ಡಿಸೆಂಬರಿನಲ್ಲಿ ಮಾಲ್ ಮತ್ತು ಚಿತ್ರಮಂದಿರಗಳಿಗೆ ಕೊರೊನಾ ಲಸಿಕೆಯ ಎರಡು ಡೋಸ್ ಆದವರಿಗೆ ಮಾತ್ರ ಪ್ರವೇಶ ಎಂದು ನಮ್ಮ ರಾಜ್ಯದಲ್ಲಿ ಆದೇಶ ಬಂದಾಗ, ಖಾನಾವಳಿ ನಡೆಸುತ್ತಿದ್ದ ನನ್ನಂಥವರಿಗೆ ಅದು ನಮಗೂ ಅನ್ವಯಿಸುತ್ತದೆಯೋ ಇಲ್ಲವೋ ಎಂದು ಹೇಳುವವರೇ ಇರಲಿಲ್ಲ. ಒಬ್ಬ ಅಧಿಕಾರಿ ಬಂದು ಬಾಗಿಲಲ್ಲಿ ಪ್ರಮಾಣಪತ್ರ ನೋಡಿ ಒಳಗೆ ಬಿಡಿ ಎಂದರು. ಲಿಖಿತವಾಗಿ ಕೊಡಿ ಎಂದು ಕೇಳಿದೆ. "ಎಲ್ಲವನ್ನೂ ಲಿಖಿತವಾಗಿ ಕೇಳಿದರೆ ನಿಮಗೇ ಕಷ್ಟ" ಎಂಬ ಉತ್ತರ ಬಂತು. ಗಲ್ಲಾಪೆಟ್ಟಿಗೆಯ ಹುಡುಗನನ್ನು ಎಬ್ಬಿಸಿ ಬಾಗಿಲಲ್ಲಿ ನಿಲ್ಲಿಸಿದೆ. ಗಿರಾಕಿಗಳು ಮೊಬೈಲು ಎತ್ತಿ ತೋರಿಸುತ್ತಿದ್ದರು, ಪರದೆಯ ಮೇಲೆ ಪ್ರಧಾನಮಂತ್ರಿಯವರ ಭಾವಚಿತ್ರ ಕಂಡರೆ ಸಾಕು, ಅವನು ಬಿಡುತ್ತಿದ್ದ. ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದವರನ್ನು ನಾನಂತೂ ನೋಡಲಿಲ್ಲ. ಹೆಂಡತಿಯ ಪ್ರಮಾಣಪತ್ರ ತೋರಿಸಿ ಗಂಡ ಒಳಗೆ ಬಂದು ಊಟ ಮಾಡಿ ಹೋಗಿದ್ದೂ ಉಂಟು.

ಹೀಗಿರುವಾಗ ಆ ಕಾಗದ ಯಾವ ಸೋಂಕನ್ನು ತಡೆಯಿತು ಎಂದು ಯಾರಾದರೂ ಹೇಳಲಿ.

ಧಾರವಾಡದ ವಕೀಲ

ತುಂಗಾತೀರ ಅವರ ಮೊದಲ ಪ್ರಶ್ನೆಗೆ ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ಸ್ವಲ್ಪ ಉದ್ದವಾಗಬಹುದು, ಕ್ಷಮಿಸಿ.

ಆ ತಂದೆ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಲಸಿಕೆ ಸ್ವಇಚ್ಛೆಯದು, ಯಾವ ಉದ್ದೇಶಕ್ಕೂ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸುವ ಮಾರ್ಗಸೂಚಿಯನ್ನು ತಾನು ಹೊರಡಿಸಿಲ್ಲ ಎಂದು ಕೇಂದ್ರ ಸರ್ಕಾರ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ನಿರ್ಬಂಧಗಳನ್ನು ಹಾಕಿದ್ದು ರಾಜ್ಯಗಳು. ಅವುಗಳನ್ನು ಪ್ರಶ್ನಿಸಿದ ಜೇಕಬ್ ಪುಲಿಯಲ್ ಪ್ರಕರಣದಲ್ಲಿ ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಮತ್ತು ನ್ಯಾಯಮೂರ್ತಿ ಬಿ. ಆರ್. ಗವಾಯಿ ಅವರ ಪೀಠ 2022ರ ಮೇ 2ರಂದು ತೀರ್ಪು ಕೊಟ್ಟಿತು. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ದೇಹದ ಮೇಲಿನ ಹಕ್ಕು ಸಂವಿಧಾನದ 21ನೇ ವಿಧಿಯ ರಕ್ಷಣೆಯಲ್ಲಿದೆ ಎಂದು ಅದು ಹೇಳಿತು. ಲಸಿಕೆ ಪಡೆಯದವರಿಂದ ಸೋಂಕು ಹೆಚ್ಚಾಗಿ ಹರಡುತ್ತದೆ ಎಂದು ತೋರಿಸುವ ಮಾಹಿತಿಯನ್ನು ಸರ್ಕಾರಗಳು ಮುಂದಿಟ್ಟಿಲ್ಲವಾದ್ದರಿಂದ, ಸೋಂಕು ಕಡಿಮೆಯಿರುವಾಗ ಹಾಕಿದ ನಿರ್ಬಂಧಗಳು ಪ್ರಮಾಣಬದ್ಧವಲ್ಲ ಎಂದೂ ಹೇಳಿತು.

ಆದರೆ ಪತ್ರಿಕೆಗಳ ತಲೆಬರಹದಲ್ಲಿ ಬಾರದ ಭಾಗವೂ ಆ ತೀರ್ಪಿನಲ್ಲಿದೆ. ಸಮುದಾಯದ ಆರೋಗ್ಯದ ಹಿತದಲ್ಲಿ ಸರ್ಕಾರ ಷರತ್ತುಗಳನ್ನು ಹಾಕಬಹುದು. ಅವು ಮಾತ್ರ ಖಾಸಗಿತನದ ಹಕ್ಕಿನ ಕುರಿತ ಪುಟ್ಟಸ್ವಾಮಿ ಪ್ರಕರಣದ ಮೂರು ಪರೀಕ್ಷೆಗಳನ್ನು ದಾಟಬೇಕು: ಷರತ್ತಿನ ಹಿಂದೆ ಒಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಬಿಗಿಯಿರಬೇಕು. (ಆ ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು ಎಂಬುದನ್ನು ನಮ್ಮವರೇ ಮರೆಯುತ್ತಾರೆ.) ತೀರ್ಪು ಕೊರೊನಾದ ಆಗಿನ ಪರಿಸ್ಥಿತಿಗೆ ಸೀಮಿತವಾದದ್ದು. ದಡಾರ, ಪೋಲಿಯೊ ಮುಂತಾದ ಲಸಿಕೆಗಳ ಬಗ್ಗೆ ಅದು ತೀರ್ಮಾನವನ್ನೇನೂ ಕೊಟ್ಟಿಲ್ಲ.

ಶಾಲೆಯ ವಿಷಯಕ್ಕೆ ಹತ್ತಿರವಾದದ್ದು ದೆಹಲಿ ಹೈಕೋರ್ಟಿನ 2019ರ ಜನವರಿಯ ತೀರ್ಪು. ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕುವ ಅಭಿಯಾನಕ್ಕೆ ಪೋಷಕರ ಒಪ್ಪಿಗೆ ಬೇಕೇಬೇಕು, ಅಡ್ಡಪರಿಣಾಮಗಳ ಮಾಹಿತಿಯನ್ನೂ ಕೊಡಬೇಕು ಎಂದು ಅಲ್ಲಿ ಹೇಳಲಾಯಿತು. ಇನ್ನು ಒಂದನೇ ತರಗತಿಯ ಮಗುವಿಗೆ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆಯಿದೆ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೂ ಪ್ರವೇಶ ನಿರಾಕರಿಸಬಾರದೆನ್ನುವ ಆ ಕಾಯ್ದೆ, ಲಸಿಕೆಯ ದಾಖಲೆ ಇಲ್ಲವೆಂದು ನಿರಾಕರಿಸುವ ಶಾಲೆಯನ್ನು ಬೆಂಬಲಿಸುತ್ತದೆಯೆಂದು ನಾನು ನನ್ನ ಕಕ್ಷಿದಾರನಿಗೆ ಹೇಳಲಾರೆ.

ಎರಡನೇ ಅಡ್ಡರಸ್ತೆ (ಬೆಂಗಳೂರು)

ವಕೀಲರೇ, ಹಕ್ಕಿನ ಮಾತು ಎಲ್ಲರಿಗೂ ಬರುತ್ತದೆ. ಪಕ್ಕದ ಬೆಂಚಿನಲ್ಲಿ ಕೂರುವ ಮಗುವಿಗೂ ಹಕ್ಕಿದೆಯಲ್ಲವೇ? ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಮಗುವಿಗೆ ದಡಾರದ ಲಸಿಕೆಯನ್ನು ಹಾಕುವಂತಿಲ್ಲ. ಅದು ಶಾಲೆಗೆ ಬರಬೇಕಾದರೆ ಉಳಿದವರೆಲ್ಲರೂ ಹಾಕಿಸಿಕೊಂಡಿರಬೇಕು. ಆ ಮಗುವಿನ ಪರವಾಗಿ ಯಾವ ಕೋರ್ಟು ಮಾತನಾಡುತ್ತದೆ?

ಮಕ್ಕಳ ವೈದ್ಯೆ (ಮೈಸೂರು)

ಇಲ್ಲಿ ಎರಡು ಬೇರೆ ಬೇರೆ ವಿಷಯಗಳು ಕಲಸಿಹೋಗುತ್ತಿವೆ, ಬಿಡಿಸಿ ನೋಡೋಣ.

ದಡಾರ ಬಹಳ ವೇಗವಾಗಿ ಹರಡುವ ಕಾಯಿಲೆ. ಕೆಮ್ಮಿದವನು ಎದ್ದು ಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ವೈರಾಣು ಎರಡು ಗಂಟೆಯವರೆಗೆ ಉಳಿಯಬಲ್ಲದು. ಅದು ಹರಡದಂತೆ ತಡೆಯಲು ಸಮುದಾಯದಲ್ಲಿ ಸುಮಾರು 95 ಶೇಕಡಾ ಜನರಿಗೆ ರಕ್ಷಣೆ ಇರಬೇಕು. ನಮ್ಮ ವೇಳಾಪಟ್ಟಿಯಲ್ಲಿ 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು, ಹೀಗೆ ಎರಡು ಡೋಸ್ ಹಾಕಿಸಿದರೆ ಹೆಚ್ಚಿನ ಮಕ್ಕಳಿಗೆ ಜೀವಮಾನದ ರಕ್ಷಣೆ ಸಿಗುತ್ತದೆ, ಅವರಿಂದ ಇತರರಿಗೆ ಹರಡುವುದೂ ನಿಲ್ಲುತ್ತದೆ. ಇಲ್ಲಿ "ನನ್ನ ಲಸಿಕೆ ನಿನ್ನನ್ನೂ ಕಾಯುತ್ತದೆ" ಎಂಬ ವಾದಕ್ಕೆ ಗಟ್ಟಿಯಾದ ನೆಲವಿದೆ.

ಕೊರೊನಾ ಲಸಿಕೆಯ ದೊಡ್ಡ ಉಪಕಾರ ಬೇರೆ ಕಡೆಯದು. ಅದು ಆಸ್ಪತ್ರೆಯ ಹಾಸಿಗೆಯನ್ನೂ ಸಾವನ್ನೂ ತಪ್ಪಿಸಿತು. ಎರಡನೆಯ ಅಲೆಯಲ್ಲಿ ಆಮ್ಲಜನಕಕ್ಕಾಗಿ ಜನ ಪರದಾಡಿದ್ದನ್ನು ಕಂಡ ನಾನು ಆ ಲಸಿಕೆಯ ಬಗ್ಗೆ ಹಗುರವಾಗಿ ಮಾತನಾಡಲಾರೆ. ಆದರೆ ಹರಡುವಿಕೆಯನ್ನು ತಡೆಯುವ ಅದರ ಶಕ್ತಿ ಕೆಲವೇ ತಿಂಗಳುಗಳಲ್ಲಿ ಇಳಿಯುತ್ತಿತ್ತು, ಓಮಿಕ್ರಾನ್ ಬಂದ ಮೇಲಂತೂ ಬಹಳ ಇಳಿಯಿತು. ಆದ್ದರಿಂದ ಚಿತ್ರಮಂದಿರದ ಬಾಗಿಲಲ್ಲಿ ಕೇಳಿದ ಪ್ರಮಾಣಪತ್ರದ ತರ್ಕವನ್ನು ತಾಯಿ ಕಾರ್ಡಿಗೆ ಅಂಟಿಸಬೇಡಿ, ತಾಯಿ ಕಾರ್ಡಿನ ತರ್ಕವನ್ನು ಅದಕ್ಕೂ ಅಂಟಿಸಬೇಡಿ.

ಖಾನಾವಳಿ (ದಾವಣಗೆರೆ)

ವೈದ್ಯರು ಈಗ ಬಿಡಿಸಿ ಹೇಳುತ್ತಿದ್ದಾರೆ, ಸಂತೋಷ. ಆಗ ಯಾರು ಬಿಡಿಸಿ ಹೇಳಿದರು? ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಪತ್ತೆಯಾದುದನ್ನು 2021ರ ಡಿಸೆಂಬರ್ 2ರಂದು ಪ್ರಕಟಿಸಿದರು. ಇಬ್ಬರಿಗೂ ಎರಡೂ ಡೋಸ್ ಆಗಿತ್ತು, ಅವರಲ್ಲೊಬ್ಬರು ಸ್ವತಃ ವೈದ್ಯರು. ಮರುದಿನವೇ ಬಂದ ನಿಯಮವೇನು? ಎರಡು ಡೋಸ್ ಆದವರಿಗೆ ಮಾತ್ರ ಮಾಲಿನೊಳಗೆ ಪ್ರವೇಶ, ಎರಡು ಡೋಸ್ ಆದ ತಂದೆತಾಯಿಯರ ಮಕ್ಕಳಿಗೆ ಮಾತ್ರ ಶಾಲೆಯಲ್ಲಿ ನೇರ ತರಗತಿ. ಅಪ್ಪ ಲಸಿಕೆ ಹಾಕಿಸಿಕೊಳ್ಳಲಿಲ್ಲವೆಂದು ಮಗನನ್ನು ಮನೆಯಲ್ಲಿ ಕೂರಿಸುವುದು ಯಾವ ವೈದ್ಯಶಾಸ್ತ್ರ?

ಮಕ್ಕಳ ವೈದ್ಯೆ (ಮೈಸೂರು)

ಆ ನಿಯಮವನ್ನು ನಾನೂ ಸಮರ್ಥಿಸುವುದಿಲ್ಲ. ಆದರೆ ಎರಡು ಡೋಸ್ ಆದವರಿಗೂ ಸೋಂಕು ತಗುಲಿತು ಎನ್ನುವುದರಿಂದ ಲಸಿಕೆ ವ್ಯರ್ಥ ಎಂಬ ತೀರ್ಮಾನಕ್ಕೆ ಯಾರೂ ಜಾರಬಾರದು.

ಖಾನಾವಳಿ (ದಾವಣಗೆರೆ)

ವ್ಯರ್ಥ ಎಂದು ನಾನೆಲ್ಲಿ ಬರೆದಿದ್ದೇನೆ, ತೋರಿಸಿ ಮೇಡಂ. ನಾನು ಎರಡೂ ಡೋಸ್ ಹಾಕಿಸಿಕೊಂಡವನು.

ಹಳೇ ಹುಬ್ಬಳ್ಳಿ

ಈ ವಾದ ನಮ್ಮೂರಿಗೆ ಹೊಸದಲ್ಲ. ಪ್ಲೇಗ್ ಮುಂಬಯಿಗೆ ಬಂದದ್ದು 1896ರಲ್ಲಿ. ಮರುವರ್ಷ ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದ ರೀತಿಗೆ ಜನ ಕೆರಳಿದರು. ಚಾಪೇಕರ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು 1897ರಲ್ಲಿ ಗುಂಡಿಟ್ಟು ಕೊಂದರು. ಆ ಮೇಲೆ ಬ್ರಿಟಿಷ್ ಸರ್ಕಾರಕ್ಕೆ ಬಲಪ್ರಯೋಗದ ಬೆಲೆ ತಿಳಿಯಿತು. 1898ರಲ್ಲಿ ಪಿಡುಗು ಹುಬ್ಬಳ್ಳಿಯನ್ನು ಹೊಕ್ಕಾಗ ಹಾಫ್‌ಕಿನ್ ಕಂಡುಹಿಡಿದ ಚುಚ್ಚುಮದ್ದನ್ನು ಊರಿನ ಬಹುಪಾಲು ಜನ ಹಾಕಿಸಿಕೊಂಡರು. ಆಗ ಮುಂಬಯಿ ಪ್ರಾಂತದಲ್ಲಿ ಚುಚ್ಚುಮದ್ದು ಹಾಕಿಸಿಕೊಂಡವರಿಗೆ ಒಂದು ಪ್ರಮಾಣಪತ್ರ ಕೊಡುತ್ತಿದ್ದರು, ಅದು ಕೈಯಲ್ಲಿದ್ದರೆ ಪ್ರತ್ಯೇಕ ಶಿಬಿರಕ್ಕೆ ಎಳೆದೊಯ್ಯುವುದರಿಂದ ವಿನಾಯಿತಿ ಸಿಗುತ್ತಿತ್ತು. ಹೆಸರಿಗೆ ಬಲವಂತವಿಲ್ಲ, ಆದರೆ ಕಾಗದವಿಲ್ಲದವನ ಪಾಡು ಶಿಬಿರವೇ. ಈಗಿನದಕ್ಕೂ ಅದಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ, ಆಗ ಜನರಿಗೆ ಕಾಗದದಿಂದ ಏನು ಸಿಗುತ್ತದೆ ಎಂಬುದು ಸ್ಪಷ್ಟವಾಗಿತ್ತು ಎಂದಷ್ಟೇ ಹೇಳಬಲ್ಲೆ.

ಇನ್ನೊಂದು ಮಾತು. 1902ರಲ್ಲಿ ಪಂಜಾಬಿನ ಮಲ್ಕೊವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಚುಚ್ಚುಮದ್ದು ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ತಪ್ಪನ್ನು ಹಾಫ್‌ಕಿನ್‌ನ ತಲೆಗೆ ಕಟ್ಟಿದರು. ಅವನು ನಿರ್ದೋಷಿ ಎಂದಾಗುವ ಹೊತ್ತಿಗೆ 1907 ಬಂದಿತ್ತು. ಯಾವ ಲಸಿಕಾ ಕಾರ್ಯಕ್ರಮದಲ್ಲಿಯೂ ಅಪಘಾತದ ದಿನ ಯಾರು ಹೊಣೆ ಎಂಬುದನ್ನು ಮೊದಲೇ ಬರೆದಿಟ್ಟಿರಬೇಕು, ಇಲ್ಲವಾದರೆ ಸಿಕ್ಕಿದವನೇ ಹೊಣೆಯಾಗುತ್ತಾನೆ.

ಕಡಲತಡಿ (ಭಟ್ಕಳ, ಈಗ ದಮ್ಮಾಮ್)

ಪ್ರಮಾಣಪತ್ರ ಎಂದರೆ ಏನೆಂದು ಗಲ್ಫಿನಲ್ಲಿ ದುಡಿಯುವವರನ್ನು ಕೇಳಬೇಕು. 2021ರ ಬೇಸಿಗೆಯಲ್ಲಿ ರಜೆಗೆ ಊರಿಗೆ ಬಂದಿದ್ದ ನಮ್ಮ ಕಡೆಯ ಹುಡುಗರಿಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಆ ದಿನ ಯಾವುದಿತ್ತೋ ಅದನ್ನು ಹಾಕಿದರು. ಕೋವಿಶೀಲ್ಡ್ ಸಿಕ್ಕಿದವನು ಅದೃಷ್ಟವಂತ. ಕೋವ್ಯಾಕ್ಸಿನ್ ಹಾಕಿಸಿಕೊಂಡವನು ಊರಿನಲ್ಲಿ ಎರಡು ಡೋಸ್ ಆದ ಆದರ್ಶ ಪ್ರಜೆ, ವಿಮಾನ ನಿಲ್ದಾಣದಲ್ಲಿ ಲಸಿಕೆಯೇ ಇಲ್ಲದವನು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತನ್ನ ತುರ್ತು ಬಳಕೆಯ ಪಟ್ಟಿಗೆ ಸೇರಿಸಿದ್ದು 2021ರ ನವೆಂಬರ್ 3ರಂದು. ಅಷ್ಟರಲ್ಲಿ ಎಷ್ಟೋ ಜನರ ವೀಸಾದ ಅವಧಿ ಮುಗಿದುಹೋಗಿತ್ತು.

ಕೋವಿಶೀಲ್ಡ್ ಪಡೆದವರಿಗೂ ಎರಡನೆಯ ಡೋಸಿಗೆ 84 ದಿನ ಕಾಯಬೇಕೆಂಬ ನಿಯಮವಿತ್ತು. ವಿದೇಶಕ್ಕೆ ಹೋಗುವ ವಿದ್ಯಾರ್ಥಿಗಳಿಗೂ ನೌಕರರಿಗೂ 28 ದಿನಕ್ಕೆ ಇಳಿಸಿದ ಮೇಲೆ, ಪ್ರಮಾಣಪತ್ರದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಸೇರಿಸಿಕೊಳ್ಳುವ ಇನ್ನೊಂದು ಸುತ್ತು ಶುರುವಾಯಿತು. ನಮ್ಮ ಓಣಿಯ ಒಬ್ಬನ ಹೆಸರು ಆಧಾರಿನಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೀತಿ ಇತ್ತು. ಕೋವಿನ್ ಜಾಲತಾಣದಲ್ಲಿ ಹೆಸರನ್ನು ಒಮ್ಮೆ ಮಾತ್ರ ತಿದ್ದಲು ಅವಕಾಶ. ಸೈಬರ್ ಸೆಂಟರಿನವನು ಆ ಒಂದು ಅವಕಾಶವನ್ನೂ ತಪ್ಪಾಗಿ ತುಂಬಿದ. ಅವನ ದೇಹದಲ್ಲಿ ಲಸಿಕೆ ಇದ್ದದ್ದು ನಿಜ, ಕಾಗದದಲ್ಲಿ ಬೇರೆ ಯಾರೋ ಇದ್ದರು.

ಹಾಗೆಂದು ಪ್ರಮಾಣಪತ್ರವೇ ಬೇಡ ಎನ್ನುವವನು ನಾನಲ್ಲ. ಹಜ್ ಯಾತ್ರೆಗೆ ಮೆನಿಂಜೈಟಿಸ್ ಲಸಿಕೆಯ ದಾಖಲೆ ಬೇಕು, ಆಫ್ರಿಕಾದ ಹಲವು ದೇಶಗಳಿಂದ ಭಾರತಕ್ಕೆ ಬರುವವರಿಗೆ ಹಳದಿ ಜ್ವರದ ಲಸಿಕೆಯ ದಾಖಲೆ ಬೇಕು. ಅದು ಇಲ್ಲದಿದ್ದರೆ ನಮ್ಮ ದೇಶವೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತದೆ. ಇವುಗಳ ಬಗ್ಗೆ ಯಾರೂ ಬೀದಿಗಿಳಿಯುವುದಿಲ್ಲ, ಏಕೆಂದರೆ ನಿಯಮ ಹಳೆಯದು, ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ, ರಾತ್ರೋರಾತ್ರಿ ಬದಲಾಗುವುದಿಲ್ಲ.

ನಿವೃತ್ತ ಸಿಸ್ಟರ್ (ಕೊಳ್ಳೇಗಾಲ)

ಮೂವತ್ತಕ್ಕೂ ಹೆಚ್ಚು ವರ್ಷ ಹಳ್ಳಿಗಳಲ್ಲಿ ಲಸಿಕೆ ಹಾಕಿದವಳು ನಾನು. ಎಲ್ಲರೂ ಕೋರ್ಟು, ಇತಿಹಾಸ ಬರೆದಿರಿ, ಸೂಜಿ ಹಿಡಿದವರ ಮಾತನ್ನೂ ಕೇಳಿ.

2021ರಲ್ಲಿ ನಮ್ಮ ಜಿಲ್ಲೆಯಲ್ಲಿ "ಲಸಿಕೆ ಇಲ್ಲದಿದ್ದರೆ ರೇಷನ್ ಇಲ್ಲ" ಎಂಬ ಮಾತು ಎದ್ದು ರಾಜ್ಯದಲ್ಲೆಲ್ಲಾ ಗದ್ದಲವಾದದ್ದು ನಿಮಗೆ ನೆನಪಿರಬಹುದು. ಅದು ಆದೇಶವೋ ಎಚ್ಚರಿಕೆಯೋ ಎಂಬುದನ್ನು ದೊಡ್ಡವರು ಪತ್ರಿಕೆಗಳಲ್ಲಿ ಚರ್ಚಿಸಿದರು. ಹಳ್ಳಿಯ ಮುದುಕಿಗೆ ಅದು ಆದೇಶವೇ. ಅದರ ಮರುದಿನ ನ್ಯಾಯಬೆಲೆ ಅಂಗಡಿಯ ಮುಂದೆ ನನ್ನ ಕೈಗೆ ತೋಳು ಕೊಟ್ಟವರಲ್ಲಿ ಕೆಲವರು ಅಳುತ್ತಿದ್ದರು. ಅಂದು ಲಸಿಕೆ ಹಾಕಿದವರ ಸಂಖ್ಯೆ ಏರಿದ್ದೂ ನಿಜ. ಆದರೆ ಮುಂದಿನ ತಿಂಗಳು ಅದೇ ಊರಿಗೆ ಮಕ್ಕಳ ಮಾಮೂಲಿ ಲಸಿಕೆಗೆಂದು ಹೋದಾಗ, ಹಿಂದೆಲ್ಲಾ ನನ್ನ ಛತ್ರಿ ಕಂಡರೆ ಮಗುವನ್ನೆತ್ತಿಕೊಂಡು ಹೊರಗೆ ಬರುತ್ತಿದ್ದ ತಾಯಂದಿರು ಒಳಗಿನಿಂದಲೇ "ಮನೆಯಲ್ಲಿ ಯಾರೂ ಇಲ್ಲ" ಎನ್ನತೊಡಗಿದರು.

ಇನ್ನು ಕಾಗದದ ವಿಷಯ. ಕೋವಿಶೀಲ್ಡಿನ ಹತ್ತು ಡೋಸಿನ ಸೀಸೆಯನ್ನು ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಚೆಲ್ಲಿದರೆ ಲೆಕ್ಕ ಕೇಳುತ್ತಾರೆ, ಗುರಿ ಮುಟ್ಟದಿದ್ದರೂ ಲೆಕ್ಕ ಕೇಳುತ್ತಾರೆ. ಇಂಥ ಒತ್ತಡದಲ್ಲಿ ಕೆಲವು ಕಡೆ ಏನಾಯಿತೆಂದರೆ, ಎರಡನೆಯ ಡೋಸಿಗೆ ಬಾರದವರ ಮೊಬೈಲಿಗೂ "ನಿಮ್ಮ ಲಸಿಕೆ ಪೂರ್ಣಗೊಂಡಿದೆ" ಎಂಬ ಸಂದೇಶ ಬಂತು. ಎಲ್ಲಿ, ಯಾರು ಎಂದು ಕೇಳಬೇಡಿ. ಕಡ್ಡಾಯ ಮಾಡಿದಾಗ ಮೊದಲು ಹೆಚ್ಚಾಗುವುದು ಪ್ರಮಾಣಪತ್ರಗಳ ಸಂಖ್ಯೆ.

ನನ್ನ ಅನುಭವದಲ್ಲಿ ಲಸಿಕೆಯನ್ನು ಪೂರ್ತಿ ಬೇಡವೆನ್ನುವವರು ಬಹಳ ಕಡಿಮೆ. ಹೆಚ್ಚಿನವರು ತಪ್ಪಿಸಿಕೊಂಡವರು. ಕಬ್ಬು ಕಡಿಯಲು ಹೋದವರು, ಇಟ್ಟಿಗೆ ಭಟ್ಟಿಗೆ ಹೋದವರು, ಹೆರಿಗೆಗೆ ತವರಿಗೆ ಹೋಗಿ ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಕಾರ್ಡು ಕಳೆದುಕೊಂಡವರು. ಕಾರ್ಡು ಇಲ್ಲದ ಮಗುವನ್ನು ಶಾಲೆ ಹಿಂದಕ್ಕೆ ಕಳಿಸಿದರೆ ಹಿಂದಕ್ಕೆ ಹೋಗುವುದು ಇವರ ಮಕ್ಕಳೇ.

ಎಡಿಸನ್ ಕನ್ನಡಿಗ (ನ್ಯೂ ಜೆರ್ಸಿ)

ಸಿಸ್ಟರ್ ಅವರ ಮಾತನ್ನು ಒಪ್ಪುತ್ತಲೇ ಇಲ್ಲಿಯ ಸಂಗತಿಯನ್ನು ಹೇಳುತ್ತೇನೆ. ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಶಾಲೆಗೆ ಸೇರಿಸಲು ಲಸಿಕೆಯ ದಾಖಲೆ ಬೇಕೆಂಬ ಕಾನೂನು ಬಹಳ ಕಾಲದಿಂದ ನಡೆದುಬಂದಿದೆ. ಸಿಡುಬಿನ ಕಾಲದಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಲಸಿಕೆ ಹಾಕಿಸಿಕೊಳ್ಳಲು ಒಪ್ಪದ ಜೇಕಬ್ಸನ್ ಎಂಬವರಿಗೆ ಐದು ಡಾಲರ್ ದಂಡ ಹಾಕಿದ್ದನ್ನು ಅಮೆರಿಕದ ಸುಪ್ರೀಂ ಕೋರ್ಟ್ 1905ರಲ್ಲಿಯೇ ಎತ್ತಿಹಿಡಿಯಿತು. ಗಮನಿಸಿ, ದಂಡ ಹಾಕಿದರು, ಹಿಡಿದು ಚುಚ್ಚಲಿಲ್ಲ. ವೈದ್ಯಕೀಯ ಕಾರಣಕ್ಕೆ ಎಲ್ಲ ಕಡೆಯೂ ವಿನಾಯಿತಿಯಿದೆ. ನಮ್ಮ ನ್ಯೂ ಜೆರ್ಸಿಯಲ್ಲಿ ಧಾರ್ಮಿಕ ಕಾರಣಕ್ಕೂ ವಿನಾಯಿತಿಯಿದೆ, ಪಕ್ಕದ ನ್ಯೂಯಾರ್ಕ್ 2019ರಲ್ಲಿ ದಡಾರ ಹಬ್ಬಿದ ಮೇಲೆ ಅದನ್ನು ಕಿತ್ತುಹಾಕಿತು.

ಊರಿನಿಂದ ಬರುವಾಗ ಮಗನ ಲಸಿಕೆ ಪುಸ್ತಕವನ್ನು ತಾರದೆ ಇದ್ದುದರಿಂದ ಇಲ್ಲಿ ಕೆಲವನ್ನು ಮತ್ತೊಮ್ಮೆ ಹಾಕಿಸಬೇಕಾಯಿತು. ಬೇಸರವಾಯಿತು, ಆದರೆ ಅನ್ಯಾಯವಾಯಿತೆಂದು ಅನ್ನಿಸಲಿಲ್ಲ. 2025ರಲ್ಲಿ ಟೆಕ್ಸಾಸಿನಲ್ಲಿ ದಡಾರ ಹರಡಿ ಲಸಿಕೆ ಪಡೆಯದ ಇಬ್ಬರು ಶಾಲಾ ವಯಸ್ಸಿನ ಮಕ್ಕಳು ಸತ್ತರು. ಕಾನೂನು ಇರುವ ದೇಶದಲ್ಲಿಯೂ ವಿನಾಯಿತಿಗಳು ಒಂದೇ ಸಮುದಾಯದಲ್ಲಿ ಗುಂಪುಗೂಡಿದರೆ ಹೀಗಾಗುತ್ತದೆ.

ಎರಡನೇ ಅಡ್ಡರಸ್ತೆ (ಬೆಂಗಳೂರು)

ನಾನು ಹೇಳುತ್ತಿರುವುದೂ ಅದನ್ನೇ. ಸಿಸ್ಟರ್ ಅವರು ಹೇಳುವ ಬಡವರ ಮಕ್ಕಳಿಗೆ ಅವಕಾಶ ಕೊಡಿ, ಬೇಕೆಂದೇ ಹಾಕಿಸದವರಿಗೆ ಏಕೆ ಕೊಡಬೇಕು? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆಗ ಎಲ್ಲರಿಗೂ ಕಡ್ಡಾಯ ಮಾಡಿದ್ದೆವು, ಯಾವ ಗಲಾಟೆಯೂ ಆಗಲಿಲ್ಲ.

ಖಾನಾವಳಿ (ದಾವಣಗೆರೆ)

ಎಲ್ಲರಿಗೂ ಎಂದರೆ ನಿವಾಸಿಗಳಿಗೂ ಸೇರಿಯೋ, ಮನೆಗೆಲಸದವರು ಮತ್ತು ಚಾಲಕರಿಗೆ ಮಾತ್ರವೋ?

ಎರಡನೇ ಅಡ್ಡರಸ್ತೆ (ಬೆಂಗಳೂರು)

ಗೇಟಿನಲ್ಲಿ ಹೊರಗಿನಿಂದ ಬರುವವರನ್ನು ಕೇಳುವುದು ಸಹಜವಲ್ಲವೇ? ನಿವಾಸಿಗಳಲ್ಲಿ ಬಹುತೇಕ ಎಲ್ಲರಿಗೂ ಆಗಿತ್ತು.

ಧಾರವಾಡದ ವಕೀಲ

ಆ "ಬಹುತೇಕ" ಎಂಬಲ್ಲಿಯೇ ತೊಡಕಿರುವುದು. ಲಸಿಕೆ ಹಾಕಿಸಿಕೊಳ್ಳದ ನಿವಾಸಿ ಲಿಫ್ಟಿನಲ್ಲಿ ಓಡಾಡಿದರು, ಒಂದು ಡೋಸ್ ಆದ ಮನೆಗೆಲಸದಾಕೆ ಗೇಟಿನಿಂದ ಹಿಂದಿರುಗಿದರು. ಆಗ ಹೈಕೋರ್ಟುಗಳ ಮುಂದೆ ಬಂದದ್ದೂ ಇಂಥ ಪ್ರಶ್ನೆಗಳೇ. 2021ರ ಜೂನಿನಲ್ಲಿ ಮೇಘಾಲಯ ಹೈಕೋರ್ಟ್, ಅಂಗಡಿಯವರೂ ಟ್ಯಾಕ್ಸಿ ಚಾಲಕರೂ ಲಸಿಕೆ ಹಾಕಿಸಿಕೊಂಡ ಮೇಲೆಯೇ ದುಡಿಮೆ ಆರಂಭಿಸಬೇಕೆಂಬ ಆದೇಶಗಳು ಜೀವನೋಪಾಯದ ಹಕ್ಕನ್ನು ಕಸಿಯುತ್ತವೆ ಎಂದಿತು. ಅದೇ ಕೋರ್ಟ್, ಸಿಬ್ಬಂದಿಯ ಲಸಿಕೆಯ ಸ್ಥಿತಿಯನ್ನು ಫಲಕದಲ್ಲಿ ಬರೆದು ಅಂಗಡಿಯ ಮುಂದೆ ತೂಗುಹಾಕಿ, ಗಿರಾಕಿ ತಾನೇ ನಿರ್ಧರಿಸಲಿ ಎಂದೂ ಹೇಳಿತು. ನನಗೆ ಆ ಎರಡನೆಯ ಭಾಗ ಅಷ್ಟು ಹಿಡಿಸುವುದಿಲ್ಲ, ಫಲಕವೂ ಒಂದು ಬಗೆಯ ಒತ್ತಡವೇ. ಆದರೂ ಅಲ್ಲಿ ನಿಯಮ ಬರಹದಲ್ಲಿತ್ತು, ಪ್ರಶ್ನಿಸಲು ಸಾಧ್ಯವಾಯಿತು.

ಖಾನಾವಳಿ (ದಾವಣಗೆರೆ)

ವಕೀಲರು ನನ್ನ ಬಾಯಿಯ ಮಾತನ್ನೇ ಆಡಿದರು. ಈಗ ಪರಿಹಾರದ ವಿಷಯವನ್ನೂ ಹೇಳಿಬಿಡಿ. ಕೊರೊನಾ ಲಸಿಕೆಯ ನಂತರ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರು ಸುಪ್ರೀಂ ಕೋರ್ಟಿಗೆ ಹೋದಾಗ ಸರ್ಕಾರ ಏನೆಂದು ಉತ್ತರ ಕೊಟ್ಟಿತು?

ಧಾರವಾಡದ ವಕೀಲ

2022ರ ನವೆಂಬರಿನಲ್ಲಿ ಕೋರ್ಟಿಗೆ ಸಲ್ಲಿಸಿದ ಅಫಿಡವಿಟ್ಟಿನಲ್ಲಿ ಸರ್ಕಾರ ಹೇಳಿದ ಸಾರಾಂಶ ಇಷ್ಟು: ಲಸಿಕೆಯನ್ನು ಕಾನೂನು ಕಡ್ಡಾಯ ಮಾಡಿರಲಿಲ್ಲ, ಜನ ಸ್ವಇಚ್ಛೆಯಿಂದ ಪಡೆದಿದ್ದಾರೆ, ಆದ್ದರಿಂದ ಪರಿಹಾರದ ನೇರ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಲಾಗದು.

ಇಂಥ ಸಾವುಗಳು ಅತಿ ವಿರಳ, ಅದರಲ್ಲಿ ಅನುಮಾನವಿಲ್ಲ. ಆದರೆ ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಜಿಲ್ಲೆಯ ಮಟ್ಟದಲ್ಲಿ, ಕಾರ್ಖಾನೆಯ ಗೇಟಿನಲ್ಲಿ, ಕಾಲೇಜಿನ ಪರೀಕ್ಷಾ ಕೊಠಡಿಯ ಮುಂದೆ ಅದು ಕಡ್ಡಾಯ, ನ್ಯಾಯಾಲಯದಲ್ಲಿ ಹೊಣೆ ಹೊರುವ ಹೊತ್ತಿಗೆ ಅದು ಸ್ವಇಚ್ಛೆ. ಕಡ್ಡಾಯ ಮಾಡುವುದಾದರೆ ಶಾಸನಸಭೆಯಲ್ಲಿ ಕಾನೂನು ತಂದು, ವಿನಾಯಿತಿ ಯಾರಿಗೆ ಎಂದು ಬರೆದು, ಹಾನಿಯಾದರೆ ತಪ್ಪು ಯಾರದೆಂದು ವಿಚಾರಿಸದೆಯೇ ಪರಿಹಾರ ಕೊಡುತ್ತೇವೆ ಎಂದು ಒಪ್ಪಿಕೊಂಡು ಮಾಡಲಿ. ಬ್ರಿಟನ್ನಿನಲ್ಲಿ ಲಸಿಕೆ ಕಡ್ಡಾಯವೇ ಅಲ್ಲ, ಆದರೂ ಅಲ್ಲಿ ಲಸಿಕೆಯಿಂದ ಹಾನಿಯಾದವರಿಗೆ ಹಣ ಕೊಡುವ ಕಾನೂನು 1979ರಿಂದ ಇದೆ. ನಮ್ಮಲ್ಲಿ ಕಡ್ಡಾಯದ ಲಾಭವನ್ನೂ ಸ್ವಇಚ್ಛೆಯ ಅನುಕೂಲವನ್ನೂ ಒಂದೇ ಕೈ ತೆಗೆದುಕೊಂಡಿತು.

ಮಕ್ಕಳ ವೈದ್ಯೆ (ಮೈಸೂರು)

ಈ ಒಂದು ಮಾತಿಗೆ ನನ್ನ ಪೂರ್ಣ ಸಹಮತವಿದೆ. ಪರಿಹಾರದ ವ್ಯವಸ್ಥೆ ಇದ್ದರೆ ಲಸಿಕೆಯ ಮೇಲಿನ ನಂಬಿಕೆ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ.

ಮಲೆನಾಡಿಗ (ತೀರ್ಥಹಳ್ಳಿ)

ನಂಬಿಕೆಯ ಮಾತು ಬಂದದ್ದರಿಂದ ಮಂಗನ ಕಾಯಿಲೆಯ ಲಸಿಕೆಯನ್ನು ನೆನಪಿಸುತ್ತೇನೆ. ನಮ್ಮ ಕಡೆ ಪ್ರತಿವರ್ಷ ಹಾಕುತ್ತಿದ್ದರು. ಬಹಳ ನೋಯುತ್ತಿತ್ತು, ಬೂಸ್ಟರ್ ಮೇಲೆ ಬೂಸ್ಟರ್ ಬೇಕಾಗುತ್ತಿತ್ತು, ತೋಟದ ಕೆಲಸದವರು ತಪ್ಪಿಸಿಕೊಳ್ಳುತ್ತಿದ್ದರು. ಹಾಕಿಸಿಕೊಳ್ಳದವರು ಮೂರ್ಖರೆಂದು ನಾವು ಓದಿದವರು ಬೈದೆವು. ಕಡೆಗೆ ಆ ಲಸಿಕೆ ಸಾಕಷ್ಟು ಪರಿಣಾಮಕಾರಿಯಲ್ಲವೆಂದು 2022ರಲ್ಲಿ ಸರ್ಕಾರವೇ ನಿಲ್ಲಿಸಿತು. ಅದನ್ನು ರೇಷನ್ನಿಗೆ ಕಡ್ಡಾಯ ಮಾಡಿದ್ದಿದ್ದರೆ ಇಂದು ಯಾವ ಮುಖ ಇಟ್ಟುಕೊಂಡು ಹೊಸ ಲಸಿಕೆಗೆ ಜನರನ್ನು ಕರೆಯುತ್ತಿದ್ದೆವು?

ಎರಡನೇ ಅಡ್ಡರಸ್ತೆ (ಬೆಂಗಳೂರು)

ಒಂದು ಲಸಿಕೆ ಸೋತಿತೆಂದು ದಡಾರದ ಲಸಿಕೆಯನ್ನೂ ಅದರ ಪಕ್ಕದಲ್ಲಿ ಕೂರಿಸುವುದು ಸರಿಯಲ್ಲ.

ಮಲೆನಾಡಿಗ (ತೀರ್ಥಹಳ್ಳಿ)

ಕೂರಿಸಿಲ್ಲ. ಯಾವುದನ್ನು ಕಡ್ಡಾಯ ಮಾಡುತ್ತೇವೆಂದು ನೋಡಿ ಮಾಡಿ ಎಂದೆ.

ತುಂಗಾತೀರ (ಶಿವಮೊಗ್ಗ)

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಋಣಿ. ಮುಂದಿನ ಸಭೆಗೆ ನಾನು ಒಯ್ಯಬೇಕೆಂದಿರುವ ಕರಡನ್ನು ಇಲ್ಲಿ ಹಾಕುತ್ತಿದ್ದೇನೆ, ತಿದ್ದಿ ಕೊಡಿ.

"ಪ್ರವೇಶ ಪಡೆದ ಮೇಲೆ, ಮೊದಲ ತಿಂಗಳೊಳಗೆ ಪೋಷಕರು ಮಗುವಿನ ತಾಯಿ ಕಾರ್ಡನ್ನು ಶಾಲೆಗೆ ತೋರಿಸತಕ್ಕದ್ದು. ಲಸಿಕೆ ಬಾಕಿಯಿದ್ದರೆ ಅಥವಾ ಕಾರ್ಡು ಕಳೆದುಹೋಗಿದ್ದರೆ ಶಾಲೆಯು ಆರೋಗ್ಯ ಕೇಂದ್ರದ ಸಿಬ್ಬಂದಿಗೆ ತಿಳಿಸಿ, ಪೋಷಕರ ಒಪ್ಪಿಗೆಯೊಂದಿಗೆ ಬಾಕಿ ಲಸಿಕೆ ಹಾಕಿಸಲು ನೆರವಾಗುವುದು. ಈ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶವನ್ನು ನಿರಾಕರಿಸಲಾಗುವುದಿಲ್ಲ. ಶಾಲೆಯಲ್ಲಿ ಅಥವಾ ಊರಿನಲ್ಲಿ ದಡಾರ ಕಾಣಿಸಿಕೊಂಡರೆ, ಲಸಿಕೆ ಪಡೆಯದ ಮಕ್ಕಳು ವೈದ್ಯಾಧಿಕಾರಿಯವರು ಹೇಳುವವರೆಗೆ ಮನೆಯಲ್ಲಿರತಕ್ಕದ್ದು."

ಎರಡನೇ ಅಡ್ಡರಸ್ತೆ (ಬೆಂಗಳೂರು)

ಹಲ್ಲಿಲ್ಲದ ನಿಯಮ. ಬೇಡವೆನ್ನುವವನು ಇದನ್ನು ಓದಿ ನಗುತ್ತಾನೆ.

ಖಾನಾವಳಿ (ದಾವಣಗೆರೆ)

ನಗಲಿ ಬಿಡಿ. ದಡಾರ ಬಂದ ದಿನ ಮಗುವನ್ನು ಮನೆಯಲ್ಲಿ ಕೂರಿಸಿಕೊಳ್ಳುವವನು ಅವನೇ. ಆ ಕೊನೆಯ ಸಾಲನ್ನು ನಾನೂ ಒಪ್ಪುತ್ತೇನೆ, ಏಕೆಂದರೆ ಅದು ಬರಹದಲ್ಲಿದೆ, ಕಾರಣವಿದೆ, ಅವಧಿಯಿದೆ.

ಧಾರವಾಡದ ವಕೀಲ

ಎರಡು ತಿದ್ದುಪಡಿಗಳು. ಕೊನೆಯ ಸಾಲಿನಲ್ಲಿ "ವೈದ್ಯಾಧಿಕಾರಿಯವರು ಲಿಖಿತವಾಗಿ ತಿಳಿಸುವವರೆಗೆ" ಎಂದು ಮಾಡಿ, ಮನೆಯಲ್ಲಿರುವ ದಿನಗಳ ಹಾಜರಾತಿಯನ್ನು ಕಡಿತ ಮಾಡುವುದಿಲ್ಲ ಎಂದೂ ಸೇರಿಸಿ. ಆರೋಗ್ಯ ಕೇಂದ್ರಕ್ಕೆ ಮಗುವಿನ ವಿವರ ಕೊಡುವ ಮುನ್ನ ಪೋಷಕರ ಸಹಿ ಪಡೆಯಿರಿ. ಯಾರಿಗೆ ಯಾವ ಲಸಿಕೆ ಆಗಿಲ್ಲವೆಂಬ ಪಟ್ಟಿಯನ್ನು ಸೂಚನಾ ಫಲಕಕ್ಕೋ ವಾಟ್ಸಾಪ್ ಗುಂಪಿಗೋ ಹಾಕಕೂಡದು. ಇದನ್ನು ಪ್ರತ್ಯೇಕವಾಗಿ ಬರೆಯದಿದ್ದರೆ ಯಾರೋ ಒಬ್ಬರು ಹಾಕಿಯೇ ಹಾಕುತ್ತಾರೆ.

ನಿವೃತ್ತ ಸಿಸ್ಟರ್ (ಕೊಳ್ಳೇಗಾಲ)

ನನ್ನದೂ ಒಂದು. ಕಾರ್ಡಿನ ನಕಲನ್ನು ಮಾತ್ರ ಇಟ್ಟುಕೊಳ್ಳಿ, ಮೂಲ ಕಾರ್ಡನ್ನು ಅಂದೇ ಹಿಂದಿರುಗಿಸಿ. ಒಂದನೇ ತರಗತಿಗೆ ಬರುವ ಮಕ್ಕಳಲ್ಲಿ ಹಲವರಿಗೆ 5ರಿಂದ 6 ವರ್ಷದಲ್ಲಿ ಹಾಕುವ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ಎರಡನೇ ಬೂಸ್ಟರ್ ಬಾಕಿಯಿರುತ್ತದೆ, ಅದನ್ನು ಹಾಕಿಸಲು ಹೋದಾಗ ಕಾರ್ಡು ಶಾಲೆಯ ಬೀರುವಿನಲ್ಲಿದ್ದರೆ ನಮ್ಮ ಹುಡುಗಿಯರು ಎಲ್ಲಿ ಬರೆಯಬೇಕು? ಜೂನ್ ತಿಂಗಳಲ್ಲಿ ನಿಮ್ಮ ಭಾಗದ ಆಶಾ ಕಾರ್ಯಕರ್ತೆಯನ್ನು ಒಂದು ದಿನ ಶಾಲೆಗೆ ಕರೆಸಿ ಎಲ್ಲ ಕಾರ್ಡುಗಳನ್ನೂ ಒಟ್ಟಿಗೆ ನೋಡಿಸಿಬಿಡಿ, ಬೆಳಿಗ್ಗೆ ಹನ್ನೊಂದರೊಳಗೆ ಮುಗಿಯುತ್ತದೆ.